ಎಡಗಿವಿಯ ಮಂದ್ರ

ಜೊಹಾನೆಸ್‌ಬರ್ಗಿನಿಂದ ಒಂದು ಗಂಟೆ ದಾರಿಯ ಮಮೆಲೋಡಿಯ ಪೂರ್ವದ ಬೀದಿಗಳಲ್ಲಿ ಖಾಬೊ ಲೆದ್ವಾಬಾನನ್ನು ಬಲ್ಲವರಿಗಿಂತ ಅವನ ಬೇಸನ್ನು ಬಲ್ಲವರು ಹೆಚ್ಚು. ಹಾಡಿದವಳ ಹೆಸರು ಪೋಸ್ಟರಿನಲ್ಲಿ ಬರುತ್ತದೆ. ಪಾರ್ಟಿಯಲ್ಲಿ ಆ ಹಾಡನ್ನು ಹಾಕುವ ಡಿಜೆಯ ಹೆಸರು ಅದಕ್ಕಿಂತ ದೊಡ್ಡ ಅಕ್ಷರದಲ್ಲಿ ಬರುತ್ತದೆ. ಹಾಡಿನ ತಳದಲ್ಲಿ, ಟೊಳ್ಳು ಕೊರಡಿಗೆ ಒನಕೆಯಿಂದ ಗುದ್ದಿದ ಹಾಗೆ ಕೇಳುವ ಮಂದ್ರದ ದನಿಯನ್ನು, ಆ ಬೇಸನ್ನು, ಕಂಪ್ಯೂಟರಿನ ಮುಂದೆ ಕೂತು ಕಟ್ಟಿದವನ ಹೆಸರು ಎಲ್ಲೂ ಬರುವುದಿಲ್ಲ. ಖಾಬೊಗೆ ಅದರಿಂದ ಬೇಸರವೇನೂ ಇರಲಿಲ್ಲ. ಶನಿವಾರ ಮಧ್ಯಾಹ್ನ ಬೀದಿಯ ಆ ತುದಿಯಲ್ಲಿ ಯಾರದೋ ಕಾರಿನ ಡಿಕ್ಕಿ ತೆರೆದುಕೊಂಡು, ಅವನ ಬೇಸ್ ಹೊರಬಿದ್ದು, ಈ ತುದಿಯ ತಗಡಿನ ಮಾಡುಗಳು ಗದಗುಟ್ಟಿದರೆ, ನನ್ನದು ಎಂದು ಮನಸ್ಸಿನಲ್ಲೇ ಅಂದುಕೊಂಡು ಕೆಲಸಕ್ಕೆ ಮರಳುತ್ತಿದ್ದ.

ಅವನಿಗೆ ಮೂವತ್ತನಾಲ್ಕು ವರ್ಷ. ಸೋದರಮಾವ ಲೆಸಿಬಾನ ಮನೆಯ ಹಿತ್ತಲಲ್ಲಿ ಒಂದು ಕೋಣೆ, ಅದರಲ್ಲಿ ಒಂದು ಮಂಚ, ಒಂದು ಕಂಪ್ಯೂಟರು, ಎರಡು ಸ್ಪೀಕರು. ಗೋಡೆಗೆ ಮೊಟ್ಟೆ ಇಡುವ ರಟ್ಟಿನ ತಟ್ಟೆಗಳನ್ನು ಅಂಟಿಸಿದ್ದ. ಅವನು ಕೆಲಸ ಮಾಡುವುದನ್ನು ನೋಡಿದವರಿಗೆ ಅದು ಕೆಲಸವೆಂದೇ ಅನ್ನಿಸುತ್ತಿರಲಿಲ್ಲ. ಸಾಫ್ಟ್‌ವೇರಿನಲ್ಲಿ ಒಂದು ಬೋಳು ಶಬ್ದದಲೆಯನ್ನು ತೆಗೆದುಕೊಳ್ಳುತ್ತಿದ್ದ. ಅದರ ಶ್ರುತಿ ಮೇಲಿಂದ ಶುರುವಾಗಿ, ಕಣ್ಣು ಮಿಟುಕಿಸುವಷ್ಟರಲ್ಲಿ ಕೆಳಕ್ಕೆ ಜಾರುವಂತೆ ಮಾಡುತ್ತಿದ್ದ. ಆ ಜಾರುವಿಕೆಯೇ ಪೆಟ್ಟಿನಂತೆ ಕೇಳುತ್ತದೆ. ಪೆಟ್ಟಿನ ಹಿಂದೆ ಬರುವ ಗುಂಯ್ ಎನ್ನುವ ಬಾಲವನ್ನು ಮೋಟಾಗಿ ಕತ್ತರಿಸುತ್ತಿದ್ದ. ಮೇಲ್ಭಾಗಕ್ಕೆ ಮಾತ್ರ ಒಂದಿಷ್ಟು ಒಡಕು ಸೇರಿಸುತ್ತಿದ್ದ, ಅಗ್ಗದ ಫೋನಿನಲ್ಲಿ ಕೇಳುವವರಿಗೂ ಬೇಸ್ ಇದೆಯೆಂದು ಗೊತ್ತಾಗಲಿ ಎಂದು. ತಳವನ್ನು ಮುಟ್ಟುತ್ತಿರಲಿಲ್ಲ. ತಳ ತಿಳಿನೀರಿನ ಹಾಗಿರಬೇಕು ಎನ್ನುವುದು ಅವನ ಹಟ. ಈ ಸದ್ದಿಗೆ ಅಲ್ಲಿಯವರು ಲಾಗ್ ಡ್ರಮ್ ಎನ್ನುತ್ತಾರೆ. ಅಲ್ಲಿಯ ಬೀದಿ, ಪಾರ್ಟಿಗಳಲ್ಲೆಲ್ಲ ಕುಣಿಸುವ ಅಮಾಪಿಯಾನೊ ಎಂಬ ಬಗೆಯ ಹಾಡು ಅದಿಲ್ಲದೆ ಇಲ್ಲ.

ಆ ಚಳಿಗಾಲ ಅವನು ಹುನಾದಿಯ ಹಾಡಿನ ಮೇಲೆ ಕೂತಿದ್ದ. ಹುನಾದಿ ಡೆನೆಬೂಮ್ ಟ್ಯಾಕ್ಸಿ ನಿಲ್ದಾಣದ ಹತ್ತಿರ ಸರಕು ಸಾಗಿಸುವ ಒಂದು ಹಳೆಯ ಕಂಟೇನರನ್ನೇ ಅಂಗಡಿ ಮಾಡಿಕೊಂಡು ಹೆಂಗಸರ ಕೂದಲು ಹೆಣೆಯುತ್ತಿದ್ದಳು. ಭಾನುವಾರ ಚರ್ಚಿನಲ್ಲಿ ಹಾಡುತ್ತಿದ್ದಳು. ಇಬ್ಬರೂ ಸೇರಿ ಹಿಂದೆ ಮಾಡಿದ್ದ ಎರಡು ಹಾಡುಗಳಲ್ಲಿ ಒಂದು ಊರೆಲ್ಲ ಓಡಾಡಿತ್ತು. ಇದು ಮೂರನೆಯದು, ಫೋನ್ ಎತ್ತದ ಗಂಡಸೊಬ್ಬನನ್ನು ಬಯ್ಯುವ ಹಾಡು. ಪದಗಳೆಲ್ಲ ಅವಳವೇ. ಬಯ್ಯಲು ಅವಳಿಗೆ ಯಾರ ಸಹಾಯವೂ ಬೇಕಿರಲಿಲ್ಲ.

ಅಲ್ಲಿ ಚಳಿಗಾಲವಾದ ಜೂನ್ ತಿಂಗಳ ಆ ದಿನಗಳಲ್ಲಿ ಖಾಬೊನ ಎಡಗಿವಿ ಕಟ್ಟಿಕೊಂಡ ಹಾಗಿತ್ತು, ಸ್ನಾನ ಮಾಡಿದಾಗ ನೀರು ಹೊಕ್ಕಂತೆ. ಧೂಳಿಗೋ ಶೀತಕ್ಕೋ ಎಂದುಕೊಂಡು ಸುಮ್ಮನಿದ್ದ.

"ಇನ್ನೊಂದ್ಸಲ ಹಾಡು," ಅಂದ. "ಕೆಳಗೆ ಜಾರ್ತಿದೀಯ."

"ಎಲ್ಲಿ ಅಬೂತಿ?" ಅಬೂತಿ ಎಂದರೆ ಅಣ್ಣ. ಮನಸ್ಸು ಸರಿಯಿದ್ದಾಗ ಹುನಾದಿ ಅವನನ್ನು ಹಾಗೇ ಕರೆಯುತ್ತಿದ್ದಳು.

"ಎಲ್ಲಾ ಕಡೆ. ಬೇಸ್ ಮೇಲಿದೆ, ನೀನು ಕೆಳಗಿದೀಯ."

ಅವಳು ಮತ್ತೆ ಹಾಡಿದಳು. ಮತ್ತೆ ಅವನು ತಲೆಯಲ್ಲಾಡಿಸಿದ. ಹೀಗೇ ಮಧ್ಯಾಹ್ನವೆಲ್ಲ ಕಳೆಯಿತು. ಕೊನೆಗೆ ಹುನಾದಿ ಹೆಡ್‌ಫೋನ್ ತೆಗೆದು ಮಂಚದ ಮೇಲಿಟ್ಟಳು.

"ನೋಡು ಖಾಬೊ, ಲೇಟಾಗಿ ಬರ್ತೀಯ ಅನ್ನು, ಒಪ್ಕೋತೀನಿ. ಬಾಯಿ ಜಾಸ್ತಿ ಅನ್ನು, ಅದೂ ನಿಜ. ಶ್ರುತಿ ತಪ್ತೀಯ ಅಂತ ಮಾತ್ರ ಅನ್ಬೇಡ. ಚರ್ಚಲ್ಲಿ ಪಿಯಾನೊ ಇಲ್ದೆ ಅಷ್ಟೂ ಜನಕ್ಕೆ ಸ್ವರ ಎತ್ತಿ ಕೊಡೋಳು ನಾನು."

"ಚರ್ಚಲ್ಲಿ ದೇವ್ರು ಕ್ಷಮಿಸ್ತಾನೆ. ಇಲ್ಲಿ ಬೇಸ್ ಕ್ಷಮಿಸಲ್ಲ."

"ಹಾಗಾದ್ರೆ ಬೇಸ್ ಕೈಲೇ ಹಾಡಿಸ್ಕೊ," ಎಂದು ಅವಳು ಎದ್ದು ಹೋದಳು.

ಅವಳ ಹಾಡನ್ನು ಬಿಟ್ಟುಕೊಡಲು ಅವನಿಗೆ ಮನಸ್ಸಿರಲಿಲ್ಲ. ದನಿಯನ್ನು ಹಾಗೇ ಇಟ್ಟು, ಬೇಸಿನ ಶ್ರುತಿಯನ್ನು ಒಂದು ಎಳೆ ಕೆಳಗಿಳಿಸಿದ. ಈಗ ಎರಡೂ ಕೂಡಿದವು ಅನ್ನಿಸಿತು. ಆದರೆ ಬೇಸ್ ಯಾಕೋ ಬಡಕಲಾಗಿ ಕೇಳಿತು. ಅದರ ಸದ್ದನ್ನು ಇನ್ನಷ್ಟು ಜೋರು ಮಾಡಿದ.

ಹೊಸ ಹಾಡನ್ನು ಅವನು ಮೊದಲು ಕೇಳಿಸುತ್ತಿದ್ದದ್ದು ಮಾವನ ಟ್ಯಾಕ್ಸಿಯಲ್ಲಿ. ದಾರಿಯುದ್ದಕ್ಕೂ ಜನರನ್ನು ಹತ್ತಿಸಿ ಇಳಿಸುತ್ತಾ ಹೋಗುವ ವ್ಯಾನಿಗೆ ಅಲ್ಲಿ ಟ್ಯಾಕ್ಸಿ ಎನ್ನುತ್ತಾರೆ. ಲೆಸಿಬಾನ ಟ್ಯಾಕ್ಸಿಯ ಹಿಂದಿನ ಸೀಟಿನ ಕೆಳಗೆ ಹಂದಿಮರಿಯಷ್ಟು ದಪ್ಪದ ಸ್ಪೀಕರಿತ್ತು. ಟ್ಯಾಕ್ಸಿಯಲ್ಲಿ ಗೆದ್ದದ್ದು ಊರಲ್ಲಿ ಗೆಲ್ಲುತ್ತದೆ ಎನ್ನುವುದು ಅಲ್ಲಿ ಹಾಡು ಮಾಡುವವರೆಲ್ಲರ ನಂಬಿಕೆ. ಮರುದಿನ ಬೆಳಿಗ್ಗೆ ಖಾಬೊ ಮುಂದಿನ ಸೀಟಿನಲ್ಲಿ ಕೂತ. ಹಾಡು ಶುರುವಾಯಿತು. ಕಿಟಕಿಗಳು ಹಲ್ಲು ಕಡಿದವು. ಹಿಂದೆ ಕೂತಿದ್ದ ಮುದುಕಿಯೊಬ್ಬಳು ಮುಂದಕ್ಕೆ ಬಾಗಿದಳು.

"ಡ್ರೈವರ್, ಗಾಡಿ ಕೆಳಗೆ ಏನೋ ಕಳಚ್ಕೊಂಡಿದೆ ನೋಡಪ್ಪ."

"ಅಜ್ಜಿ, ಅದು ಹಾಡು," ಅಂದ ಲೆಸಿಬಾ.

"ಹಾಡಾ? ಆ ಹುಡುಗಿ ಪಾಪ ಒಂದ್ಕಡೆ ಹೋಗ್ತಿದಾಳೆ, ಗಾಡಿ ಇನ್ನೊಂದ್ಕಡೆ ಹೋಗ್ತಿದೆ."

ಟ್ಯಾಕ್ಸಿ ತುಂಬ ನಕ್ಕರು. ಮುಂದಿನ ತಿರುವಿನಲ್ಲಿ ಹುನಾದಿ ಹತ್ತಿದಳು. ಅವಳು ದಿನವೂ ಅದೇ ಟ್ಯಾಕ್ಸಿ ಹಿಡಿಯುತ್ತಿದ್ದಳೆನ್ನುವುದು ಖಾಬೊಗೆ ಮರೆತೇ ಹೋಗಿತ್ತು. ತನ್ನದೇ ದನಿ ಕೇಳಿ ಅವಳ ಮುಖ ಮೊದಲು ಅರಳಿತು. ಆಮೇಲೆ ಬೇಸ್ ಬಂತು. ಹಾಡು ಮುಗಿಯುವ ಮೊದಲೇ "ಶಾರ್ಟ್ ಲೆಫ್ಟ್!" ಎಂದು ಕೂಗಿ ಗಾಡಿ ನಿಲ್ಲಿಸಿದಳು. ಅದು ಅವಳು ಇಳಿಯುವ ಜಾಗವಾಗಿರಲಿಲ್ಲ. ಇಳಿದು, ಮುಂದಿನ ಕಿಟಕಿಗೆ ಬಂದಳು.

"ನನ್ನ ದನಿ ತೆಗೆದ್ಬಿಡು ಖಾಬೊ. ಆ ಬೇಸ್ ಜತೆ ನನ್ನ ಹೆಸರು ಬರೋದು ಬೇಡ."

ಅವಳು ಹೋದ ಮೇಲೆ ಲೆಸಿಬಾ ಹಾಡನ್ನು ನಿಲ್ಲಿಸಿದ. ಖಾಬೊ ಸ್ಪೀಕರಿನತ್ತ ಕೈ ತೋರಿಸಿ, ಅಲ್ಲಿ ಸೋದರಮಾವನನ್ನು ಕರೆಯುವ ಹಾಗೆ ಕರೆದ. "ಮಾಲೋಮೆ, ನಿನ್ನ ಡಬ್ಬ ಹರಿದು ಹೋಗಿದೆ. ಅದಕ್ಕೇ ಹಾಗೆ ಕೇಳ್ತಿದೆ."

"ಕುಣಿಯಕ್ಕೆ ಬರ್ದೋನು ನೆಲ ಡೊಂಕು ಅಂದನಂತೆ. ಇದೇ ಡಬ್ಬದಲ್ಲಿ ನಿನ್ನ ಹಿಂದಿನ ಬೇಸೆಲ್ಲಾ ಕೇಳ್ಲಿಲ್ವಾ? ಅಳಿಯಾ, ನಿಮ್ಮಮ್ಮ ನಿಂಗೆ ಕೋತಿ ಅಂತ ಹೆಸರಿಟ್ಟಾಗ್ಲೇ ನಾನು ಬೇಡ ಅಂದಿದ್ದೆ. ಕೊಂಬೆ ತಪ್ಪಿದ್ರೂ ಮರದ್ದೇ ತಪ್ಪು ಅಂತೀಯ." ಖಾಬೊ ಎಂದರೆ ಅವರ ಭಾಷೆಯಲ್ಲಿ ಕೋತಿ.

ಖಾಬೊ ಮನೆಗೆ ಬಂದು ಹೆಡ್‌ಫೋನ್ ಹಾಕಿಕೊಂಡು ಬೇಸಿನ ಒಂದೇ ಸ್ವರವನ್ನು ಬಿಡದೆ ನುಡಿಸಿದ. ಬಲಕ್ಕೆ ಮಾತ್ರ ಕೇಳಿದ. ತುಂಬಿದ ದನಿ. ಎಡಕ್ಕೆ ಮಾತ್ರ ಕೇಳಿದ. ಖಾಲಿ ಡಬ್ಬಿ ತಟ್ಟಿದಂತಿತ್ತು. ಅಷ್ಟೇ ಅಲ್ಲ, ಸ್ವರವೇ ಒಂದು ಎಳೆ ಮೇಲಿತ್ತು. ಹೆಡ್‌ಫೋನಿನ ಎಡಬಟ್ಟಲು ಕೆಟ್ಟಿದೆ ಎಂದುಕೊಂಡ. ತಿರುಗಿಸಿ, ಬಲಬಟ್ಟಲನ್ನು ಎಡಗಿವಿಗೆ ಇಟ್ಟುಕೊಂಡ. ಡಬ್ಬಿಯ ಸದ್ದು ಬಟ್ಟಲಿನ ಜೊತೆ ಆಚೆಗೆ ಹೋಗಲಿಲ್ಲ. ಅದು ಎಡಗಿವಿಯಲ್ಲೇ ಉಳಿಯಿತು. ಮತ್ತೊಮ್ಮೆ ತಿರುಗಿಸಿದ. ಆಮೇಲೆ ಹೆಡ್‌ಫೋನ್ ತೆಗೆದು ಕಂಪ್ಯೂಟರ್ ಆರಿಸಿ, ಹಿತ್ತಲಿಗೆ ಬಂದು, ಮಾವನ ಹೆಂಡತಿ ಒಣಹಾಕಿದ್ದ ಬಟ್ಟೆಗಳನ್ನು ಯಾರೂ ಹೇಳದೆಯೇ ಮಡಚತೊಡಗಿದ.

ಅದಾದ ಕೆಲವು ದಿನಗಳಿಗೆ ಕೋಟಾ ಅಂಗಡಿಯ ಮುಂದೆ ಸರದಿಯಲ್ಲಿ ನಿಂತಿದ್ದ. ಬ್ರೆಡ್ಡಿನ ಗುಳಿಯೊಳಗೆ ಆಲೂಗಡ್ಡೆ, ಉಪ್ಪಿನಕಾಯಿ, ಸಾಸೇಜು ತುಂಬಿ ಕೊಡುವ ಆ ಅಂಗಡಿಯಲ್ಲಿ ಅವನ ಮಧ್ಯಾಹ್ನದ ಊಟ. ಎಡಗಿವಿಯೊಳಗೆ ದೂರದಲ್ಲೆಲ್ಲೋ ಲಾರಿ ಏರು ಹತ್ತುವ ಸದ್ದು ಶುರುವಾಯಿತು. ನೆಲ ಒಂದು ಬದಿಗೆ ಎದ್ದಿತು. ಅಂಗಡಿಯ ಕಂಬ ಹಿಡಿಯಲು ಹೋದ. ಕಂಬ ಅಲ್ಲಿರಲಿಲ್ಲ. ಬಿದ್ದು ವಾಂತಿ ಮಾಡಿಕೊಂಡ.

"ಇಷ್ಟು ಹೊತ್ತಿಗೇ ಏರಿಸ್ಬಿಟ್ಟಿದಾನೆ," ಅಂದ ಒಬ್ಬ.

"ಹಾಡು ಮಾಡೋರೆಲ್ಲಾ ಹಿಂಗೇ ಕಣೋ," ಅಂದ ಇನ್ನೊಬ್ಬ.

ಕುಡಿದಿಲ್ಲ ಎಂದು ಹೇಳಲೂ ಅವನಿಂದಾಗಲಿಲ್ಲ. ಕಣ್ಣು ಬಿಟ್ಟರೆ ಜಗತ್ತು ಗಾಣದಂತೆ ಸುತ್ತುತ್ತಿತ್ತು. ಅಂಗಡಿಯವಳು ಪರಿಚಯದವಳು. ಲೆಸಿಬಾನಿಗೆ ಫೋನು ಮಾಡಿದಳು. ಅವನು ಹತ್ತಿದ್ದ ಪ್ರಯಾಣಿಕರನ್ನು ಕ್ಷಮೆ ಕೇಳಿ ಇಳಿಸಿ ಬಂದು, ಅಳಿಯನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೊರಟ. ದಾರಿಯುದ್ದಕ್ಕೂ ತಮಾಷೆ ಮಾಡಲಿಲ್ಲ. ಖಾಬೊಗೆ ಭಯವಾದದ್ದು ಅದಕ್ಕೇ.

ಕಿವಿಯ ವಿಭಾಗಕ್ಕೆ ಮತ್ತೆ ಮತ್ತೆ ಹೋಗಬೇಕಾಯಿತು. ಕೊನೆಗೆ ಪರೀಕ್ಷೆ ಮಾಡಿದ ವೈದ್ಯೆ ಒಂದು ಗೆರೆಚಿತ್ರವನ್ನು ಅವನ ಮುಂದಿಟ್ಟಳು. ಒಳಗಿವಿಯಲ್ಲಿ ನೀರಿನ ಒತ್ತಡ ಹೆಚ್ಚಾಗುವ ಕಾಯಿಲೆ ಅಂದಳು. ತಲೆಸುತ್ತು ಬಂದು ಹೋಗುತ್ತಿರುತ್ತದೆ. ಕಿವಿಯೂ ಒಂದು ದಿನ ಸುಧಾರಿಸಿದಂತಿದ್ದು ಇನ್ನೊಂದು ದಿನ ಕುಸಿಯುತ್ತದೆ. ಉಪ್ಪು ಕಡಿಮೆ ಮಾಡಬೇಕು, ಮಾತ್ರೆ ತೆಗೆದುಕೊಳ್ಳಬೇಕು. ಪೂರ್ತಿ ವಾಸಿಯಾಗುತ್ತದೆಂಬ ಮಾತು ಕೊಡಲಾಗುವುದಿಲ್ಲ.

ಖಾಬೊ ಗೆರೆಯನ್ನು ನೋಡುತ್ತಿದ್ದ. ಅಂಥ ಗೆರೆಗಳನ್ನು ಅವನು ದಿನವೂ ನೋಡುವವನು. ಬಲತುದಿಯಲ್ಲಿ ಗೆರೆ ನೆಟ್ಟಗಿತ್ತು. ಎಡತುದಿಯಲ್ಲಿ, ಮಂದ್ರದ ಸ್ವರಗಳಿರುವ ಕಡೆ, ಹೊಂಡಕ್ಕೆ ಬಿದ್ದಿತ್ತು.

"ಮೊದ್ಲು ಹೋಗೋದು ತಗ್ಗಿನ ಸ್ವರಗಳೇನಾ?" ಎಂದು ಕೇಳಿದ.

"ಈ ಕಾಯಿಲೇಲಿ ಸಾಮಾನ್ಯವಾಗಿ ಹೌದು. ಮಾತು ಕೇಳೋಕೆ ಅಷ್ಟು ತೊಂದ್ರೆ ಆಗಲ್ಲ. ಯಾಕೆ, ನೀವು ಏನು ಕೆಲ್ಸ ಮಾಡ್ತೀರಿ?"

"ತಗ್ಗಿನ ಸ್ವರಗಳನ್ನ ಮಾಡ್ತೀನಿ."

ವೈದ್ಯೆಗೆ ಅದು ತಮಾಷೆಯೋ ನಿಜವೋ ಎಂದು ತಿಳಿಯಲಿಲ್ಲ. ಲೆಸಿಬಾ ವಿವರಿಸಿದ. ಅವಳು ಗೆರೆಚಿತ್ರವನ್ನು ಮತ್ತೊಮ್ಮೆ ನೋಡಿ, "ಬಲಗಿವಿ ಚೆನ್ನಾಗಿದೆ. ಕೆಲವರಿಗೆ ಮುಂದೆ ಅದಕ್ಕೂ ಬರುತ್ತೆ, ಎಲ್ರಿಗೂ ಅಲ್ಲ," ಅಂದಳು.

ಆ ದಿನದಿಂದ ಖಾಬೊಗೆ ಒಂದು ರೂಢಿ ಅಂಟಿಕೊಂಡಿತು. ಬೆಳಿಗ್ಗೆ ಎದ್ದ ಕೂಡಲೆ, ಹಾಸಿಗೆಯಲ್ಲೇ, ಫೋನಿನಿಂದ ಒಂದು ತಗ್ಗಿನ ಸ್ವರವನ್ನು ಬಲಗಿವಿಗೆ ಕೇಳಿಸಿಕೊಳ್ಳುತ್ತಿದ್ದ. ಸ್ವರ ಇದ್ದಲ್ಲೇ ಇದ್ದರೆ ಎದ್ದು ಮುಖ ತೊಳೆಯುತ್ತಿದ್ದ. ಯಾರಿಗೂ ಹೇಳಲಿಲ್ಲ. ಎಡಗಿವಿಗೆ ಹತ್ತಿಯಿಟ್ಟುಕೊಂಡು, ಪರದೆಯ ಮೇಲಿನ ಗೆರೆಗಳನ್ನು ನಂಬಿ ಒಂದಿಷ್ಟು ಬೇಸ್ ಕಟ್ಟಿದ. ಹತ್ತಿಯೊಳಗೂ ಆ ಲಾರಿ ಏರು ಹತ್ತುತ್ತಲೇ ಇರುತ್ತಿತ್ತು. ಕಟ್ಟಿದ್ದರಲ್ಲಿ ಲೆಕ್ಕ ತಪ್ಪಿರಲಿಲ್ಲ. ಕೇಳಿದವರು ಪರವಾಗಿಲ್ಲ ಅಂದರು. ಅವನ ಬೇಸಿಗೆ ಹಿಂದೆ ಯಾರೂ ಪರವಾಗಿಲ್ಲ ಅಂದದ್ದಿರಲಿಲ್ಲ.

ಆಗಸ್ಟ್ ತಿಂಗಳ ಗಾಳಿ ಶುರುವಾದಾಗ ಒಂದು ಬೆಳಿಗ್ಗೆ ಹುನಾದಿಯ ಕಂಟೇನರಿಗೆ ಹೋದ. ಅವಳು ದಪ್ಪನೆಯ ಹೆಂಗಸೊಬ್ಬಳ ತಲೆಯನ್ನು ಅರ್ಧ ಹೆಣೆದಿದ್ದಳು. ಅವನನ್ನು ಕನ್ನಡಿಯಲ್ಲೇ ನೋಡಿದಳು.

"ಏನು, ಕೂದ್ಲು ಹೆಣೆಸ್ಕೊಳ್ಳಕ್ಕೆ ಬಂದ್ಯಾ? ಹಿಡಿಯಕ್ಕೆ ಸಿಗೋವಷ್ಟಾದ್ರೂ ಬೆಳೆಸ್ಕೊಂಡು ಬಾ."

"ನೀನು ಶ್ರುತಿ ತಪ್ಪಿರ್ಲಿಲ್ಲ."

"ಅದು ನಂಗೆ ಗೊತ್ತಿತ್ತು. ನಿಂಗ್ಯಾರು ಹೇಳಿದ್ರು?"

"ಆಸ್ಪತ್ರೇಲಿ ಹೇಳಿದ್ರು."

ತಲೆ ಕೊಟ್ಟು ಕೂತಿದ್ದ ಹೆಂಗಸು ಗೊಳ್ಳನೆ ನಕ್ಕಳು. "ಆಸ್ಪತ್ರೇಲಿ ಈಗ ಹಾಡಿನ ಪರೀಕ್ಷೆನೂ ಮಾಡ್ತಾರಾ?"

ಖಾಬೊ ನಿಂತುಕೊಂಡೇ ಎಲ್ಲವನ್ನೂ ಹೇಳಿದ. ಕೋಟಾ ಅಂಗಡಿಯ ಮುಂದೆ ಬಿದ್ದದ್ದು, ಗೆರೆಯ ಹೊಂಡ, ಒಂದೇ ಸ್ವರ ಎರಡು ಕಿವಿಗೆ ಎರಡಾಗಿ ಕೇಳುವುದು. ಹುನಾದಿಯ ಬೆರಳುಗಳು ಕೂದಲಿನ ನಡುವೆ ನಿಂತವು.

"ಇನ್ನೊಂದು ಕಿವಿ?"

"ಸದ್ಯಕ್ಕಿದೆ."

"ಈಗೇನು ಮಾಡ್ಬೇಕು ಅಂತೀಯ?"

"ನೀನು ಬಂದು ಕೂತ್ಕೊ. ಯಾವ ಗುಂಡಿ ತಿರುಗಿಸಿದ್ರೆ ಏನಾಗುತ್ತೆ ಅಂತ ನಾನು ಹೇಳ್ತೀನಿ. ಸರಿ ಇದ್ಯೋ ಇಲ್ವೋ ನೀನು ಹೇಳು."

"ಕೂದ್ಲೂ ಹೆಣೀಬೇಕು, ಹಾಡೂ ಹಾಡ್ಬೇಕು, ಬೇಸೂ ಮಾಡ್ಬೇಕು. ಬಂದು ನಿಂಗೆ ಗಂಜೀನೂ ಕಾಯಿಸ್ಲಾ?"

ಬರುವುದಿಲ್ಲ ಎಂದು ಅವಳು ಹೇಳಲಿಲ್ಲ. ಸೋಮವಾರ ಅಂಗಡಿಗೆ ರಜೆ. ಸೋಮವಾರ ಬಂದಳು.

ಮೊದಲ ದಿನ ಅವಳು ಬೋಳು ಅಲೆಯನ್ನು ಕೇಳಿ, ಇದು ಫ್ರಿಜ್ಜಿನ ಸದ್ದು ಅಂದಳು. ಶ್ರುತಿ ಜಾರುವ ಗುಂಡಿಯನ್ನು ಅವನು ತೋರಿಸಿದ. ತಿರುಗಿಸಿ ತಿರುಗಿಸಿ ನಕ್ಕಳು. ಕೆಲವೇ ವಾರಗಳಲ್ಲಿ ನಗು ನಿಂತು, ಹುಬ್ಬು ಗಂಟಿಕ್ಕಲು ಶುರುವಾಯಿತು. ಅವಳು ಮಾತಾಡುವುದೆಲ್ಲ ಕೂದಲಿನ ಭಾಷೆಯಲ್ಲಿ. ಒಂದು ಸೋಮವಾರ, ಅವನು ತನ್ನ ಹಳೆಯ ಕ್ರಮದಲ್ಲಿ ಹೇಳಿ ಮಾಡಿಸಿದ ಬೇಸನ್ನು ಕೇಳಿ ತಲೆಯಲ್ಲಾಡಿಸಿದಳು.

"ಬುಡದಲ್ಲೇ ಇಷ್ಟು ಬಿಗಿ ಎಳೆದಿದೀಯ. ಹಿಂಗೆ ಎಳೆದ್ರೆ ತಲೆ ನೋಯುತ್ತೆ. ಬುಡ ಸಡಿಲ ಬಿಡು. ಬಾಲ ಉದ್ದ ಬಿಡು."

"ಬಾಲ ಉದ್ದ ಬಿಟ್ರೆ ಕೆಸರಾಗುತ್ತೆ. ಮುಂದಿನ ಪೆಟ್ಟು ಬರೋ ಹೊತ್ಗೆ ಹಿಂದಿಂದು ಹೋಗಿರ್ಬೇಕು."

"ಯಾಕೆ ಹೋಗಿರ್ಬೇಕು? ಬಯ್ಯೋ ಹಾಡಿದು. ಬೈದ ಮಾತು ಅಷ್ಟು ಬೇಗ ಹೋಗುತ್ತಾ?"

ಅವನು ಹೇಳಿಕೊಡದೆಯೇ ಅವಳು ಬಾಲವನ್ನು ಉದ್ದ ಮಾಡಿದಳು. ಬಾಲ ಆರುತ್ತಾ ಹೋಗುವಾಗ ಶ್ರುತಿ ಒಂದಿಷ್ಟು ಬಾಗಿ ಮುಂದಿನ ಸ್ವರವನ್ನು ಮುಟ್ಟುವಂತೆ ಮಾಡಿದಳು. ಒಂದೆರಡು ಕಡೆ ನಿಜವಾಗಿಯೂ ಕೆಸರಾಯಿತು. ಅಲ್ಲಿ ಮಾತ್ರ ಅವನ ಮಾತು ಕೇಳಿ ಕತ್ತರಿಸಿದಳು. ಖಾಬೊ ಬಲಗಿವಿ ಕೊಟ್ಟು ಪೂರ್ತಿ ಕೇಳಿದ. ಅವನಿಗೆ ಅದು ಹಿಡಿಸಲಿಲ್ಲ. ಸೋಮಾರಿಯಂತೆ, ಕಾಲೆಳೆದುಕೊಂಡು ನಡೆಯುವವರಂತೆ ಕೇಳಿತು. ಹಾಗೆಂದೂ ಬಿಟ್ಟ.

"ನಿಂಗೆ ಹಿಡಿಸ್ಬೇಕಿಲ್ಲ," ಅಂದಳು ಹುನಾದಿ. "ಶ್ರುತಿ ಸರಿ ಇದ್ಯಾ?"

"ಶ್ರುತಿ ಸರಿ ಇದೆ."

"ಹಾಗಾದ್ರೆ ನಡಿ, ಮಾಲೋಮೆ ಗಾಡಿಗೆ."

ಬೆಳಗಿನ ಟ್ಯಾಕ್ಸಿಯಲ್ಲಿ ಇಬ್ಬರೂ ಮುಂದೆ ಕೂತರು. ಹಾಡು ಶುರುವಾಯಿತು. ಯಾರೂ ಏನೂ ಹೇಳಲಿಲ್ಲ. ಗಾಡಿ ಸೇತುವೆ ದಾಟಿತು, ಪೆಟ್ರೋಲ್ ಬಂಕು ದಾಟಿತು. ಹಾಡು ಮುಗಿಯಿತು. ಹಿಂದಿನಿಂದ ಹೆಂಗಸೊಬ್ಬಳು ಕಿರಿಚಿದಳು.

"ಏಯ್ ಡ್ರೈವರ್! ನನ್ನ ಸ್ಟಾಪು ದಾಟಿಸ್ಬಿಟ್ಯಲ್ಲಾ!"

"ನೀನು ಕೂಗ್ಲೇ ಇಲ್ವಲ್ಲ ತಾಯಿ."

"ಹಾಡು ಕೇಳ್ತಿದ್ದೆ."

"ಹಾಗಾದ್ರೆ ಇವಳನ್ನ ಬಯ್ಯಿ," ಎಂದು ಲೆಸಿಬಾ ಹುನಾದಿಯತ್ತ ಗದ್ದ ಆಡಿಸಿದ. ಹೆಂಗಸು ಅವಳನ್ನೂ ಬೈದು, ಇಳಿಯುವಾಗ ಹಾಡಿನ ಹೆಸರೇನೆಂದು ಕೇಳಿಕೊಂಡು ಹೋದಳು. ಹುನಾದಿ ಖಾಬೊನ ಮುಖ ನೋಡಲಿಲ್ಲ. ನೋಡಿದ್ದರೆ ಅದರಲ್ಲಿ ಸಂತೋಷವಿತ್ತೋ ಬೇರೇನಿತ್ತೋ ಹೇಳುವುದು ಅವಳಿಗೂ ಕಷ್ಟವಾಗುತ್ತಿತ್ತು. ಆ ಬೇಸನ್ನು ಎರಡು ಕಿವಿ ಸರಿಯಿದ್ದಾಗಲೂ ತಾನು ಮಾಡುತ್ತಿರಲಿಲ್ಲ ಎನ್ನುವುದು ಅವನಿಗೆ ಆಗ ಹೊಳೆದಿತ್ತು.

ಡಿಸೆಂಬರಿನಲ್ಲಿ ಹಾಡು ಬೀದಿಬೀದಿಗಳಲ್ಲಿ ಕೇಳಿತು. ಮಾಂಸ ಸುಡುವ ಹೊಗೆಯ ನಡುವೆ ಗೆಳೆಯರು ಅವನ ಬೆನ್ನು ತಟ್ಟಿ, "ಖಾಬೊ, ನಿನ್ನ ಬೇಸಿಗೆ ವಯಸ್ಸಾಯ್ತು ಕಣೋ, ಒಳ್ಳೇ ವಯಸ್ಸು," ಅಂದರು. ನನ್ನದಲ್ಲ, ಹುನಾದಿಯದು ಎಂದರೆ ನಂಬಲಿಲ್ಲ. ಹಾಡುವ ಹುಡುಗಿಯನ್ನು ಒಲಿಸಿಕೊಳ್ಳಲು ಹೇಳುತ್ತಿದ್ದಾನೆ ಎಂದುಕೊಂಡರು. ಅವನು ಪ್ರತಿ ಸಲವೂ ಹೇಳಿದ. ನಂಬಿಸಲು ಮಾತ್ರ ಹೋಗಲಿಲ್ಲ.

ಎಡಗಿವಿ ಮರಳಲಿಲ್ಲ. ಕೆಲವು ದಿನ ಮೋಡ ಸರಿದಂತಾಗಿ ಮಂದ್ರ ಮಸುಕಾಗಿ ಕೇಳಿದ್ದೂ ಉಂಟು. ಅಂಥ ದಿನಗಳನ್ನು ನಂಬಬಾರದೆಂದು ಅವನು ಕಲಿತುಕೊಂಡ. ತಲೆಸುತ್ತು ವಿರಳವಾಯಿತು. ಅವನು ಬೇಸ್ ಕಟ್ಟುವುದನ್ನು ಬಿಟ್ಟ. ಪಿಯಾನೊದ ಸ್ವರಗಳು, ಗಿಲಕಿಯ ಚಿಕಿಚಿಕಿ, ಹೀಗೆ ಹಾಡಿನ ಮೇಲಂತಸ್ತಿನ ಕೆಲಸಗಳನ್ನು ಹಿಡಿದ. ಅದರಲ್ಲಿ ಅವನಿಗೆ ಹಿಂದಿನಷ್ಟು ಬೇಡಿಕೆ ಬರಲಿಲ್ಲ. ಹುನಾದಿ ಒಂದು ಹಳೆಯ ಕಂಪ್ಯೂಟರನ್ನು ಕಂಟೇನರಿಗೇ ತಂದಿಟ್ಟುಕೊಂಡಳು. ಮೊದಮೊದಲು ಪ್ರತಿ ಬೇಸನ್ನೂ ಅವನಿಗೆ ಕಳಿಸುತ್ತಿದ್ದಳು. ಆಮೇಲೆ ಅಪರೂಪಕ್ಕೆ ಕಳಿಸಿದಳು. ಅವನಿಗೆ ಅದು ಸಹಜವೆಂದೇ ಕಂಡಿತು. ಆದರೂ ಕಳಿಸಿದ ದಿನ ಬೇರೆ ಕೆಲಸ ಬಿಟ್ಟು ಕೇಳುತ್ತಿದ್ದ.

ಮರುವರ್ಷ ಜೊಹಾನೆಸ್‌ಬರ್ಗಿನಿಂದ ಒಬ್ಬ ಡಿಜೆ ಕಾರಿನಲ್ಲಿ ಬಂದ. ಬಾಲ ಬಾಗುವ ಆ ಬೇಸ್ ತನ್ನ ಹಾಡಿಗೂ ಬೇಕೆಂದ. ಖಾಬೊ ಅವನನ್ನು ಕರೆದುಕೊಂಡು ಡೆನೆಬೂಮಿಗೆ ಹೋದ. ಕಂಟೇನರಿನ ಬಾಗಿಲಲ್ಲಿ ಡಿಜೆ ಅನುಮಾನದಿಂದ ನಿಂತ.

"ಇಲ್ಲೇನು? ಇದು ಕೂದ್ಲು ಅಂಗಡಿಯಲ್ವಾ?"

"ಹೌದು," ಅಂದ ಖಾಬೊ. "ಸರದಿ ಇರುತ್ತೆ."

ಹುನಾದಿ ತಿರುಗದೆಯೇ, ಬಾಯಲ್ಲಿ ಬಾಚಣಿಗೆ ಕಚ್ಚಿಕೊಂಡು, ಕೂರಿ ಎಂದು ಕೈ ತೋರಿಸಿದಳು. ಬಂದವನು ಕಾಯುತ್ತಿದ್ದ ಇಬ್ಬರು ಹೆಂಗಸರ ನಡುವೆ ಬೆಂಚಿನ ಮೇಲೆ ಮುದುರಿ ಕೂತ. ಅವರಲ್ಲೊಬ್ಬಳು ಅವನ ಹೊಳೆಯುವ ಬೂಟುಗಳನ್ನು ನೋಡಿ, ಗಂಡಸರಿಗೆ ಇಲ್ಲಿ ಎಷ್ಟು ಹೊತ್ತಾಗುತ್ತದೆಂದು ಕೇಳಿದಳು. ಖಾಬೊ ನಗುತ್ತಾ ಹೊರಗೆ ಬಂದು, ನಿಲ್ದಾಣದ ಗದ್ದಲದೊಳಗೆ ಮನೆಯ ಕಡೆಗೆ ಹೋಗುವ ಟ್ಯಾಕ್ಸಿ ಹುಡುಕಿದ.